ಹತ್ತನೇ ವರ್ಷದ ಚುಚ್ಚುಮದ್ದಿನಲ್ಲಿ ನಾಯಿಕೆಮ್ಮಿಗೂ ಜಾಗ ಬೇಕು

ನಮ್ಮ ಸರ್ಕಾರಿ ಲಸಿಕೆ ಪಟ್ಟಿಯಲ್ಲಿ ನಾಯಿಕೆಮ್ಮಿನ ಕೊನೆಯ ಡೋಸ್ ಸಿಗುವುದು ಮಗುವಿಗೆ 5-6 ವರ್ಷ ಆದಾಗ. ಅಲ್ಲಿಂದ ಮುಂದೆ ಜೀವನದಲ್ಲಿ ಒಮ್ಮೆಯೂ ಇಲ್ಲ. ಇದು ಬದಲಾಗಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಪಟ್ಟಿ ಹೀಗಿದೆ. 6, 10 ಮತ್ತು 14ನೇ ವಾರಕ್ಕೆ ಪೆಂಟಾವೇಲೆಂಟ್ ಹಾಕುತ್ತಾರೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಅದರಲ್ಲಿ ರಕ್ಷಣೆ ಇದೆ. ಜೊತೆಗೆ ಹೆಪಟೈಟಿಸ್ ಬಿ ಮತ್ತು ಹಿಬ್ (ಮಕ್ಕಳಿಗೆ ನ್ಯುಮೋನಿಯಾ, ಮೆದುಳುಜ್ವರ ತರುವ ಒಂದು ಬ್ಯಾಕ್ಟೀರಿಯಾ). 16ರಿಂದ 24 ತಿಂಗಳ ಒಳಗೆ ಡಿಪಿಟಿ ಬೂಸ್ಟರ್, ಅಂದರೆ ಮೊದಲು ಹೇಳಿದ ಆ ಮೂರು ರೋಗಕ್ಕೆ ಮತ್ತೊಂದು ಡೋಸ್, ಒಂದನೇ ಕ್ಲಾಸಿನ ಹೊತ್ತಿಗೆ ಇನ್ನೊಂದು. ಆಮೇಲೆ 10 ಮತ್ತು 16ನೇ ವರ್ಷಕ್ಕೆ ಮತ್ತೆ ಚುಚ್ಚುತ್ತಾರೆ. ಆದರೆ ಅದು ಟಿಡಿ. ಧನುರ್ವಾಯು ಮತ್ತು ಗಂಟಲುಮಾರಿಗೆ ಮಾತ್ರ. ಗರ್ಭಿಣಿಯರಿಗೂ ಅದೇ ಟಿಡಿ. ಮೂರರಲ್ಲಿ ಒಂದು ಕೈಬಿಟ್ಟು ಹೋಗಿದೆ.

ನಾನು ಹೈಸ್ಕೂಲ್ ಮಕ್ಕಳಿಗೆ ಪಾಠ ಮಾಡುವವಳು. ಪ್ರತಿ ವರ್ಷ ತರಗತಿಯಲ್ಲಿ ಒಬ್ಬಿಬ್ಬರು ವಾರಗಟ್ಟಲೆ ಕೆಮ್ಮುತ್ತಲೇ ಇರುತ್ತಾರೆ. ಜ್ವರ ಇಲ್ಲ, ಸುಸ್ತಿಲ್ಲ, ಆಟಕ್ಕೂ ಹೋಗುತ್ತಾರೆ. ಕೆಮ್ಮು ಶುರುವಾದರೆ ಮಾತ್ರ ಮುಖ ಕೆಂಪಾಗುವವರೆಗೂ ನಿಲ್ಲುವುದಿಲ್ಲ. ಧೂಳು, ಅಲರ್ಜಿ, ಹವಾಮಾನ ಅಂತ ಮನೆಯವರು ಹೇಳುತ್ತಾರೆ. ಇರಬಹುದು, ಎಲ್ಲಾ ಕೆಮ್ಮೂ ನಾಯಿಕೆಮ್ಮಲ್ಲ. ಆದರೆ ನಾಯಿಕೆಮ್ಮಿನ ಹೆಸರೆತ್ತಿದರೆ ಒಂದೇ ಉತ್ತರ: "ಸಣ್ಣವನಿದ್ದಾಗ ಎಲ್ಲಾ ಇಂಜೆಕ್ಷನ್ ಹಾಕ್ಸಿದೀವಿ ಮೇಡಂ, ಅದೆಲ್ಲಿ ಬರುತ್ತೆ?"

ಬರುತ್ತದೆ. 2006ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಒಂದು ಅಧ್ಯಯನ ಪ್ರಕಟವಾಯಿತು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದ, 5ರಿಂದ 16 ವರ್ಷದ ಮಕ್ಕಳ ರಕ್ತ ಪರೀಕ್ಷೆ ಮಾಡಿದ್ದರು. 100ಕ್ಕೆ 37 ಮಕ್ಕಳಿಗೆ ಇತ್ತೀಚೆಗೆ ನಾಯಿಕೆಮ್ಮಿನ ಸೋಂಕು ತಗುಲಿದ ಗುರುತು ಸಿಕ್ಕಿತು. ಅವರಲ್ಲಿ 100ಕ್ಕೆ 85ಕ್ಕಿಂತ ಜಾಸ್ತಿ ಮಕ್ಕಳು ಎಳೆತನದ ಲಸಿಕೆಗಳನ್ನೆಲ್ಲ ಹಾಕಿಸಿಕೊಂಡವರೇ!

ಇದನ್ನು ಕೇಳಿ ಲಸಿಕೆ ಸುಳ್ಳು ಅನ್ನುವವರಿದ್ದಾರೆ, ಅದು ತಪ್ಪು ಲೆಕ್ಕ. ಲಸಿಕೆ ಆ ಮಕ್ಕಳನ್ನು ಅತಿ ಅಪಾಯದ ವಯಸ್ಸು ದಾಟಿಸಿದೆ. ನಾಯಿಕೆಮ್ಮಿನ ವಿರುದ್ಧ ದೇಹ ಕಟ್ಟಿಕೊಳ್ಳುವ ಶಕ್ತಿ ತೋಟದ ಮುಳ್ಳುಬೇಲಿ ಇದ್ದ ಹಾಗೆ. ಒಮ್ಮೆ ಕಟ್ಟಿ ಬಿಟ್ಟರೆ ಕೆಲವು ವರ್ಷಕ್ಕೆ ಸಡಿಲವಾಗುತ್ತದೆ. ಲಸಿಕೆಯಿಂದ ಬಂದ ಶಕ್ತಿ ಸುಮಾರು 4ರಿಂದ 12 ವರ್ಷ ಇರುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಕಾಯಿಲೆ ಬಂದು ವಾಸಿಯಾದವರಿಗೂ ಜೀವನಪೂರ್ತಿ ರಕ್ಷಣೆ ಇಲ್ಲ. ದಡಾರದ ಹಾಗೆ ಒಮ್ಮೆ ಬಂದರೆ ಮುಗಿಯಿತು ಅಂತ ತುಂಬಾ ಜನ ನಂಬಿದ್ದಾರೆ. ಇದು ಹಾಗಲ್ಲ.

13-14 ವರ್ಷದ ಹುಡುಗನಿಗೆ ಇದು ಒಂದು ಕಿರಿಕಿರಿ. ರಾತ್ರಿ ನಿದ್ದೆ ಕೆಡುತ್ತದೆ, ಕೆಮ್ಮಿ ಕೆಮ್ಮಿ ವಾಂತಿಯೂ ಆಗಬಹುದು. ಕೊನೆಯಲ್ಲಿ ಉಸಿರೆಳೆದಾಗ ಬರುವ ಆ ಕೂಗು ಈ ವಯಸ್ಸಿನವರಲ್ಲಿ ಬಹಳ ಸಲ ಕೇಳಿಸುವುದೇ ಇಲ್ಲ. ಹಾಗಾಗಿ ಡಾಕ್ಟರಿಗೂ ಅನುಮಾನ ಬರುವುದಿಲ್ಲ. ಮೂಗಿನ ಒಳಗಿಂದ ದ್ರವ ತೆಗೆದು ಮಾಡುವ ಪಿಸಿಆರ್ ಪರೀಕ್ಷೆ ಇದೆ. ಬರೀ ಕೆಮ್ಮಿಗೆ ಅದನ್ನು ಬರೆಯುವವರು ಎಷ್ಟು ಜನ?

ಅದೇ ಕೆಮ್ಮು ಎರಡು ತಿಂಗಳ ಕೂಸಿಗೆ ಹತ್ತಿದರೆ ಕಥೆಯೇ ಬೇರೆ. ಎಷ್ಟೋ ಸಲ ಅಷ್ಟು ಚಿಕ್ಕ ಮಗು ಕೆಮ್ಮುವುದೇ ಇಲ್ಲ, ಉಸಿರೇ ನಿಂತು ನಿಂತು ಬರುತ್ತದೆ. ಮೈ ನೀಲಿಗಟ್ಟುತ್ತದೆ. ಮೊದಲ ಚುಚ್ಚುಮದ್ದು ಬೀಳುವುದೇ 6ನೇ ವಾರಕ್ಕೆ, ಅದೊಂದರಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಅಲ್ಲಿಯವರೆಗೆ ಆ ಕೂಸು ಅಮ್ಮ ಕೊಟ್ಟ ಶಕ್ತಿಯ ಮೇಲೇ ಬದುಕಬೇಕು. ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋಗುತ್ತಾರೆ. ಅಣ್ಣ ತಮ್ಮಂದಿರ ಮಕ್ಕಳು, ಅಕ್ಕಪಕ್ಕದವರು, ತೊಟ್ಟಿಲು ಶಾಸ್ತ್ರಕ್ಕೆ ಬಂದವರು, ಎಲ್ಲರೂ ಮಗುವನ್ನು ಎತ್ತಿಕೊಳ್ಳುವವರೇ. ಅದರಲ್ಲಿ ತಪ್ಪೇನೂ ಇಲ್ಲ, ನಮ್ಮ ಮನೆಗಳೇ ಹಾಗೆ. ಆದರೆ ಆ ಗುಂಪಿನಲ್ಲಿ ಕೆಮ್ಮುವ ಎಂಟನೇ ಕ್ಲಾಸಿನ ಹುಡುಗ ಒಬ್ಬ ಇದ್ದರೆ ಸಾಕು. ಈ ರೋಗ ಮನೆಯೊಳಗೆ ಅಷ್ಟು ಬೇಗ ಹರಡುತ್ತದೆ.

ಇನ್ನು "ನೋವಿಲ್ಲದ ಇಂಜೆಕ್ಷನ್" ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ, ಅಂಗನವಾಡಿಯಲ್ಲಿ ಹಾಕುವುದು ಸತ್ತ ಬ್ಯಾಕ್ಟೀರಿಯಾವನ್ನು ಇಡಿಯಾಗಿ ಬಳಸಿದ ಲಸಿಕೆ. ತೊಡೆ ಊದಿಕೊಳ್ಳುತ್ತದೆ, ಜ್ವರ ಬರುತ್ತದೆ, ಆ ರಾತ್ರಿ ಮಗುವೂ ಮಲಗುವುದಿಲ್ಲ, ಅಮ್ಮನೂ ಮಲಗುವುದಿಲ್ಲ. ಖಾಸಗಿಯಲ್ಲಿ ದುಡ್ಡು ಜಾಸ್ತಿ ಕೊಟ್ಟರೆ ಬ್ಯಾಕ್ಟೀರಿಯಾದ ಕೆಲವೇ ಪ್ರೋಟೀನ್‌ಗಳಿಂದ ಮಾಡಿದ ಲಸಿಕೆ ಸಿಗುತ್ತದೆ. "ನೋವಿಲ್ಲದ ಇಂಜೆಕ್ಷನ್" ಅನ್ನುವುದು ಇದನ್ನೇ. ಜ್ವರ, ಊತ ಕಡಿಮೆ. ಹಾಗಾಗಿ ಅದೇ ಉತ್ತಮ ಅಂತ ಪೇಟೆಯವರ ನಂಬಿಕೆ.

ಅಮೆರಿಕದವರು 1990ರ ದಶಕದಲ್ಲಿ ಪೂರ್ತಿಯಾಗಿ ಈ ಎರಡನೇ ತರಹಕ್ಕೆ ಬದಲಾದರು. 2010ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 9,000ಕ್ಕಿಂತ ಜಾಸ್ತಿ ಜನರಿಗೆ ನಾಯಿಕೆಮ್ಮು ಬಂತು, 10 ಕೂಸುಗಳು ತೀರಿಕೊಂಡವು. ಆಮೇಲೆ ಅಲ್ಲಿನ ಹದಿಹರೆಯದವರನ್ನೇ ಹೋಲಿಸಿ ನೋಡಿದರು. ಎಳೆತನದಲ್ಲಿ ಹೊಸ ತರಹದ ಲಸಿಕೆ ಮಾತ್ರ ಪಡೆದವರಿಗೆ ರೋಗ ಬರುವ ಸಂಭವ, ಹಳೆಯ ಇಡೀ ಬ್ಯಾಕ್ಟೀರಿಯಾ ಲಸಿಕೆ ಪಡೆದವರಿಗಿಂತ ಐದಾರು ಪಟ್ಟು ಜಾಸ್ತಿ ಇತ್ತು. ಅಂದರೆ ಆ ಒಂದು ರಾತ್ರಿಯ ಜ್ವರಕ್ಕೆ ಬೆಲೆ ಇದೆ. ನಮ್ಮ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಕರೆಯುವ ಆ ಚುಚ್ಚುಮದ್ದನ್ನು ಬಡವರ ಲಸಿಕೆ ಅಂತ ಯಾರಾದರೂ ಕೀಳಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ.

ಹೆದರಿ ಲಸಿಕೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಜಪಾನ್ ಇದೆ. ಅಲ್ಲಿ 1974-75ರ ಚಳಿಗಾಲದಲ್ಲಿ ಚುಚ್ಚುಮದ್ದಿನ ನಂತರ ಎರಡು ಮಕ್ಕಳು ತೀರಿಕೊಂಡವು. ಲಸಿಕೆಯನ್ನು ಸ್ವಲ್ಪ ಕಾಲ ನಿಲ್ಲಿಸಿದರು, ಜನರ ಭಯ ಹೋಗಲಿಲ್ಲ. 1979ರಲ್ಲಿ 13,000ಕ್ಕೂ ಜಾಸ್ತಿ ಮಂದಿಗೆ ರೋಗ ಬಂತು, 41 ಜನ ಸತ್ತರು.

ಹಾಗಾದರೆ ನಾನು ಕೇಳುತ್ತಿರುವುದು ಏನು? 10ನೇ ವರ್ಷಕ್ಕೆ ಮತ್ತು ಗರ್ಭಿಣಿಯರಿಗೆ ಟಿಡಿ ಬದಲು ಟಿಡ್ಯಾಪ್ ಕೊಡಿ. ಅದು ಅದೇ ಟಿಡಿ, ಜೊತೆಗೆ ನಾಯಿಕೆಮ್ಮಿನ ಭಾಗವೂ ಇರುತ್ತದೆ. ಭಾರತೀಯ ಮಕ್ಕಳ ತಜ್ಞರ ಸಂಘ 10-12 ವರ್ಷಕ್ಕೆ ಇದನ್ನೇ ಶಿಫಾರಸು ಮಾಡಿದೆ. ಇವತ್ತು ಇದು ಸಿಗುವುದು ದುಡ್ಡು ಕೊಟ್ಟು ಹಾಕಿಸಿಕೊಳ್ಳುವವರಿಗೆ ಮಾತ್ರ. ಹೊಸದಾಗಿ ಏನೂ ಕಟ್ಟಬೇಕಾಗಿಲ್ಲ. ನರ್ಸ್ ಇದ್ದಾರೆ, ಐಸ್ ಬಾಕ್ಸ್ ಇದೆ, ತಾಯಿ ಕಾರ್ಡ್ ಇದೆ, ಚುಚ್ಚುವ ದಿನವೂ ಗೊತ್ತಿದೆ. ಸೀಸೆ ಬದಲಾಗಬೇಕು ಅಷ್ಟೆ. ಖರ್ಚು ಜಾಸ್ತಿ, ನಿಜ. ಆದರೆ ಪ್ರಪಂಚಕ್ಕೆಲ್ಲ ಲಸಿಕೆ ಮಾಡಿ ಕಳಿಸುವ ದೇಶ ನಮ್ಮದು. ದೊಡ್ಡ ಪ್ರಮಾಣದಲ್ಲಿ ಕೊಂಡರೆ ಬೆಲೆ ಇಳಿಯದೆ ಇರುತ್ತಾ?

ಎರಡರಲ್ಲಿ ಮೊದಲು ಒಂದನ್ನೇ ಮಾಡಲು ಆಗುವುದಾದರೆ ಗರ್ಭಿಣಿಯರಿಂದ ಶುರು ಮಾಡಿ ಅನ್ನುತ್ತೇನೆ. ಹದಿಹರೆಯದ ಡೋಸ್ ಬೇಗ ಮಾಸುತ್ತದೆ. ಎಳೆತನದಲ್ಲಿ ಹೊಸ ತರಹದ ಲಸಿಕೆ ಮಾತ್ರ ಪಡೆದಿದ್ದ ಕ್ಯಾಲಿಫೋರ್ನಿಯಾದ ಮಕ್ಕಳಲ್ಲಿ ಟಿಡ್ಯಾಪ್ ಮೊದಲ ವರ್ಷ 100ಕ್ಕೆ 69ರಷ್ಟು ಕಾಪಾಡಿತು, ನಾಲ್ಕು ವರ್ಷ ಕಳೆದ ಮೇಲೆ 9ಕ್ಕಿಂತ ಕೆಳಗಿಳಿಯಿತು. ನಮ್ಮ ಸರ್ಕಾರಿ ಲಸಿಕೆಯ ಮಕ್ಕಳಿಗೆ ತಳಪಾಯ ಗಟ್ಟಿ ಇದೆ, ಇನ್ನೂ ಚೆನ್ನಾಗಿ ಬಾಳುತ್ತದೆ ಅಂತ ನನ್ನ ನಂಬಿಕೆ. ಆದರೆ ಗರ್ಭಿಣಿಗೆ ಕೊಟ್ಟ ಡೋಸ್ ಕೆಲಸ ಮಾಡುವುದು ಕೂಸಿನ ಮೊದಲ ಎರಡು ಮೂರು ತಿಂಗಳಲ್ಲಿ, ಸಾವು ಆಗುವುದೂ ಜಾಸ್ತಿ ಆಗಲೇ. ಇಂಗ್ಲೆಂಡಿನಲ್ಲಿ 2012ರಲ್ಲಿ 14 ಕೂಸುಗಳು ಸತ್ತ ಮೇಲೆ ಗರ್ಭಿಣಿಯರಿಗೆ ಲಸಿಕೆ ಶುರು ಮಾಡಿದರು. ಎಳೆ ಕೂಸುಗಳಿಗೆ 100ಕ್ಕೆ 90ರಷ್ಟು ರಕ್ಷಣೆ ಸಿಕ್ಕಿತು. ಕೋವಿಡ್ ನಂತರ ಹಾಕಿಸಿಕೊಳ್ಳುವವರು ಕಡಿಮೆಯಾದರು. 2024ರಲ್ಲಿ ಸುಮಾರು 15,000 ಜನರಿಗೆ ರೋಗ ಬಂದು ಮತ್ತೆ 11 ಕೂಸುಗಳು ಹೋದವು.

ಸರ್ಕಾರ ಬದಲಾಗುವವರೆಗೆ ಸುಮ್ನೆ ಕಾಯಬೇಡಿ. 5ನೇ ವರ್ಷದ ಡಿಪಿಟಿ ಬೂಸ್ಟರ್ ಆಗಿದೆಯಾ ಅಂತ ಇವತ್ತೇ ಕಾರ್ಡ್ ತೆಗೆದು ನೋಡಿ, ಸ್ಕೂಲಿಗೆ ಸೇರಿಸುವ ಗಡಿಬಿಡಿಯಲ್ಲಿ ತುಂಬಾ ಮಕ್ಕಳಿಗೆ ತಪ್ಪಿಹೋಗುವುದು ಅದೇ. ಎರಡು ವಾರ ಮೀರಿ ಕೆಮ್ಮುವ ದೊಡ್ಡ ಮಕ್ಕಳನ್ನು ಬಾಣಂತಿ ಕೋಣೆಗೆ ಬಿಡಬೇಡಿ, ಯಾರು ಬೇಜಾರು ಮಾಡಿಕೊಂಡರೂ ಸರಿ. ಮನೆಯಲ್ಲಿ ಏಳು ತಿಂಗಳ ಗರ್ಭಿಣಿ ಇದ್ದರೆ ಮುಂದಿನ ಚೆಕಪ್‌ನಲ್ಲಿ ಟಿಡ್ಯಾಪ್ ಬಗ್ಗೆ ಕೇಳಿ. 27ರಿಂದ 36ನೇ ವಾರದ ಒಳಗೆ ಹಾಕಿಸಬೇಕು, ಪ್ರತಿ ಬಸಿರಿನಲ್ಲೂ ಹೊಸದಾಗಿ. ಟಿಡಿ ಆಗಲೇ ಹಾಕಿಸಿಯಾಗಿದೆ ಅಂದರೂ ಪರವಾಗಿಲ್ಲ, ಡಾಕ್ಟರ್ ಹತ್ತಿರ ಹೇಳಿ. ಟಿಡ್ಯಾಪ್ ಹಾಕಿಸಿಕೊಳ್ಳುವುದಕ್ಕೆ ಅದು ಅಡ್ಡಿ ಬರುವುದಿಲ್ಲ.