ದುಡ್ಡು ಹಾಕಿ, ಕಥೆ ತಿರುಗಿಸಿ

'ಸಹಾಯಾರ್ಥ' ಅಂತ ಹೆಸರಿಟ್ಟ ಕಾರ್ಯಕ್ರಮಗಳ ಬಗ್ಗೆ ನನಗೆ ಮೊದಲಿಂದಲೂ ಒಂದು ತಕರಾರಿದೆ. ಟಿಕೆಟ್ ಪುಸ್ತಕ ಹಿಡಿದುಕೊಂಡು ಪರಿಚಯದವರೇ ಬರುತ್ತಾರೆ. ಇಲ್ಲ ಅನ್ನಲಿಕ್ಕೆ ಆಗುವುದಿಲ್ಲ. ಎರಡು ಟಿಕೆಟ್ ತೆಗೆದುಕೊಂಡು, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ, ಆ ದಿನ ಮನೆಯಲ್ಲೇ ಕೂರುತ್ತೇವೆ. ಟಿಕೆಟೆಲ್ಲ ಖರ್ಚಾದರೂ ಅರ್ಧ ಕುರ್ಚಿ ಖಾಲಿ. ದುಡ್ಡು ಯಾರಿಗೆ ಹೋಯಿತು ಅಂತ ಕೊಟ್ಟವರಿಗೂ ನೆನಪಿರುವುದಿಲ್ಲ.

ಮಂಗಳೂರಿನ ಒಂದು ಸಣ್ಣ ಹಾಲ್‌ನಲ್ಲಿ ಕೆಲವು ಹುಡುಗ ಹುಡುಗಿಯರು ರಾತ್ರಿಯಿಡೀ ಆಡಿದ ಇಂಪ್ರೊವ್ ನಾಟಕದಲ್ಲಿ ಇದು ಪೂರ್ತಿ ಉಲ್ಟಾ ಆಗಿತ್ತು. ಸಂಜೆ ಆರಕ್ಕೆ ಶುರು, ಬೆಳಗ್ಗೆ ಆರಕ್ಕೆ ಮಂಗಳ. ಬರೆದ ಮಾತು ಒಂದೂ ಇಲ್ಲ. ನೋಡುವವರು ಒಂದು ಜಾಗವನ್ನೋ ಸಂಬಂಧವನ್ನೋ ಕೂಗಿ ಹೇಳಬೇಕು, ಆಡುವವರು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಬಂದ ದುಡ್ಡು ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ನೆರವಾಗುವ ಊರಿನದೇ ಒಂದು ಸಂಸ್ಥೆಗೆ. ಬಾಗಿಲಲ್ಲಿ ಟಿಕೆಟ್ ಇಲ್ಲ. ಸ್ಟೇಜಿನ ಪಕ್ಕ ಒಂದು ಡಬ್ಬ, ಅದರ ಮೇಲೆ ದರಪಟ್ಟಿ. ಜಾಗ ಬದಲಿಸಲು 50 ರೂಪಾಯಿ, ಮಾತಿನ ಧಾಟಿ ಬದಲಿಸಲು 100, ಹೊಸ ಪಾತ್ರ ತರಲು 500.

ರಾತ್ರಿ ಎರಡು ಕಳೆದಿರಬೇಕು. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಟ ಸಿಟಿ ಬಸ್ಸಿನ ದೃಶ್ಯ. ಒಬ್ಬ ಕಂಡಕ್ಟರ್, ಬಂಗುಡೆ ಮೀನಿನ ಬುಟ್ಟಿಯ ಒಬ್ಬಳು ಅಕ್ಕ. ಬಸ್ಸೂ ಇಲ್ಲ, ಬುಟ್ಟಿಯೂ ಇಲ್ಲ, ಎರಡು ಪ್ಲಾಸ್ಟಿಕ್ ಕುರ್ಚಿ ಮಾತ್ರ. 'ದುಂಬು ಪೋಲೆ, ದುಂಬು ಪೋಲೆ' ಅಂತ ಜನರನ್ನು ಮುಂದೆ ತಳ್ಳುತ್ತಿದ್ದ ಕಂಡಕ್ಟರ್, ಬುಟ್ಟಿಗೆ ಬೇರೆ ಟಿಕೆಟ್ ಆಗಬೇಕು ಅಂದ. ಅಕ್ಕ ಜಗಳಕ್ಕೆ ನಿಂತಳು. ಹಿಂದಿನ ಸಾಲಿಂದ ಮುಂಡು ಉಟ್ಟ ಹಿರಿಯರೊಬ್ಬರು ಎದ್ದು ಬಂದು, ಡಬ್ಬಕ್ಕೆ ನೂರರ ನೋಟು ಹಾಕಿ, "ಇನ್ನು ಯಕ್ಷಗಾನದ ಮಾತು ಬರಲಿ" ಅಂದರು.

ಹುಡುಗ ಒಂದು ಗಳಿಗೆ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಎದೆ ಸೆಟೆಸಿ, "ಎಲೌ ಮತ್ಸ್ಯಗಂಧಿನಿಯೇ! ಚೇತನಳಾದ ನಿನಗೊಂದು ಚೀಟಿ, ಜಡವಾದ ಬುಟ್ಟಿಗೆ ಇನ್ನೊಂದು. ಮೀರಿದೆಯಾದರೆ ಕಂಕನಾಡಿಯಲ್ಲೇ ನಿನ್ನ ಅವರೋಹಣ!" ಅಂತ ಗುಡುಗಿದ.

ಅವಳು ಬಿಡುತ್ತಾಳಾ? "ಈ ಬಂಗುಡೆಗಳು ಪ್ರಾಣ ಬಿಟ್ಟು ಎರಡು ಪ್ರಹರವಾಯಿತು. ಶವಕ್ಕೂ ಟಿಕೆಟ್ ಕೇಳುವ ನೀನು ಕಂಡಕ್ಟರನೋ, ಯಮದೂತನೋ?"

ಹಾಲ್ ಬಿದ್ದು ಬಿದ್ದು ನಗುತ್ತಿರುವಾಗಲೇ ಯಾರೋ ಓಡಿ ಬಂದು ಐನೂರರ ನೋಟು ಹಾಕಿದರು. ಯಮ ಬರಲಿ ಅಂತ! ಯಮ ಕಂಕನಾಡಿಯಲ್ಲಿ ಹತ್ತಿದ. ಟಿಕೆಟ್ ಕೇಳಿದ್ದಕ್ಕೆ ಪಾಸ್ ಇದೆ ಅಂದ.

ಆ ಹಿರಿಯರು ಬೆಳಗ್ಗೆವರೆಗೂ ಕುರ್ಚಿ ಬಿಡಲಿಲ್ಲ. ಯಾಕೆ ಬಿಡುತ್ತಾರೆ? ಆ ಜಗಳ ಅವರದ್ದೇ ಆಗಿತ್ತು. ನನಗೆ ಇಷ್ಟವಾದದ್ದೂ ಇದೇ. ಇಲ್ಲಿ ದುಡ್ಡು ಕೊಟ್ಟವನು ಹೊರಗೆ ಉಳಿಯುವುದಿಲ್ಲ, ಆಟದ ಒಳಗೇ ಬಂದುಬಿಡುತ್ತಾನೆ.

ನೋಡುವವರನ್ನೂ ಆಟಕ್ಕೆ ಎಳೆಯುವ ಈ ಯೋಚನೆಯ ಒಂದು ಮೂಲ ಬೇರೆ ಕಡೆಯದು. ಕೀತ್ ಜಾನ್‌ಸ್ಟನ್ ಅನ್ನುವ ಇಂಗ್ಲೆಂಡಿನ ರಂಗಕರ್ಮಿ ಕೆನಡಾದ ಕ್ಯಾಲ್ಗರಿಗೆ ಹೋಗಿ, 1977ರಲ್ಲಿ ಲೂಸ್ ಮೂಸ್ ತಂಡ ಕಟ್ಟಿದರು. ಕುಸ್ತಿ ನೋಡುವವರು ಕೂಗಾಡುವ ಹಾಗೆ ನಾಟಕ ನೋಡುವವರೂ ಯಾಕೆ ಕೂಗಬಾರದು ಅನ್ನುವುದು ಅವರ ಯೋಚನೆ. ಇಂಪ್ರೊವ್ ತಂಡಗಳು ಪಂದ್ಯದ ಹಾಗೆ ಪೈಪೋಟಿಗೆ ಇಳಿಯುವ ಥಿಯೇಟರ್‌ಸ್ಪೋರ್ಟ್ಸ್ ಹುಟ್ಟಿದ್ದು ಅಲ್ಲಿಂದ. ಅದೇ ಕೆನಡಾದ ಎಡ್ಮಂಟನ್‌ನಲ್ಲಿ ಡೈ-ನ್ಯಾಸ್ಟಿ ಅನ್ನುವ ತಂಡ 50 ಗಂಟೆಗೂ ಜಾಸ್ತಿ ಒಂದೇ ಕಥೆಯನ್ನು ಎಳೆದುಕೊಂಡು ಹೋದದ್ದುಂಟು. ನಮ್ಮ ಹುಡುಗರದ್ದು ಅದರ ಮುಂದೆ ಸಣ್ಣದೇ. ಆದರೂ ನಡುರಾತ್ರಿ ದಾಟಿದ ಮೇಲೆ ಅವರ ಆಟ ಬೇರೆಯೇ ಆಯಿತು. ಜಾಣತನ ತೋರಿಸಲು ಶಕ್ತಿ ಇರಲಿಲ್ಲ. ಎದುರಿನವರು ಏನು ಹೇಳಿದರೋ ಅದನ್ನು ಸರಿಯಾಗಿ ಕೇಳಿಸಿಕೊಳ್ಳತೊಡಗಿದರು.

"ಇದೆಂಥದು ಮಾರಾಯ, ನಮ್ಮ ತಾಳಮದ್ದಳೆಯಲ್ಲಿ ಇಲ್ಲದ್ದು?" ಅಂತ ಗೆಳೆಯನೊಬ್ಬ ಫೋನಿನಲ್ಲಿ ಕೇಳಿದ. ಅರ್ಧ ಸರಿ. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿ ಆಡುವ ಮಾತು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ಮಾತು ಕೇಳಲೆಂದೇ ಜನ ನಿದ್ದೆಗೆಡುತ್ತಿದ್ದರು. ಎದೆಗೆ ಬಾಣ ನಟ್ಟ ವಾಲಿ ಗಂಟೆಗಟ್ಟಲೆ ರಾಮನನ್ನು ಪ್ರಶ್ನಿಸುತ್ತಾನೆ, ಯಾರಿಗೂ ಅದು ವಿಚಿತ್ರ ಅನ್ನಿಸುವುದಿಲ್ಲ! ಆದರೆ ಅಲ್ಲಿ ಕೊನೆ ಗೊತ್ತಿರುತ್ತದೆ. ಎಷ್ಟೇ ವಾದ ಮಾಡಿದರೂ ವಾಲಿ ಸಾಯಲೇಬೇಕು. ಅರ್ಥಧಾರಿಯ ಹಿಂದೆ ಎಷ್ಟೋ ವರ್ಷಗಳ ಓದು ಇರುತ್ತದೆ. ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕುವುದೇ ಅಲ್ಲಿನ ರುಚಿ. ಇಂಪ್ರೊವ್‌ನಲ್ಲಿ ಎದುರಿನವನು ಹೇಳಿದ್ದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಯಮ ಬಂದ ಅಂದರೆ ಬಂದ, ಅಷ್ಟೇ. ಹಾಗಾಗಿ 'ನಮ್ಮಲ್ಲಿ ಇದೆಲ್ಲ ಮೊದಲೇ ಇತ್ತು' ಅಂತ ಮೀಸೆ ತಿರುವುವುದೂ ಬೇಡ, 'ಇದು ನಮ್ಮದಲ್ಲ' ಅಂತ ಮೂಗು ಮುರಿಯುವುದೂ ಬೇಡ. ಕೂತು ನೋಡಿ. ರಾತ್ರಿಯಿಡೀ ಕೂತು ನೋಡುವ ಅಭ್ಯಾಸ ನಮಗಿಂತ ಜಾಸ್ತಿ ಯಾರಿಗಿದೆ?

ಇನ್ನೊಂದು ಪ್ರಶ್ನೆ, ಇಷ್ಟೆಲ್ಲ ಯಾಕೆ, ಸುಮ್ನೆ ದುಡ್ಡು ಕೊಟ್ಟರಾಗದಾ? ಆಗುತ್ತದೆ. ಕೊಡುತ್ತೇವಾ? ಉಡುಪಿಯ ಕೃಷ್ಣಾಷ್ಟಮಿಯ ಹೊತ್ತಿಗೆ ವೇಷ ಹಾಕಿ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸುವ ರವಿ ಕಟಪಾಡಿಯವರನ್ನೇ ನೋಡಿ. ಕೂಲಿ ಕೆಲಸ ಮಾಡುವ ಮನುಷ್ಯ ಮೈತುಂಬ ಬಣ್ಣ ಹೊತ್ತು ಬೀದಿ ಸುತ್ತುತ್ತಾರೆ. ಅವರ ಆ ಕಷ್ಟ ಕಣ್ಣಿಗೆ ಕಂಡಾಗ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಅಲ್ವಾ?

ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ನಿಜ. ಆದರೆ ಬಸ್ಸಿನ ದುಡ್ಡು? ಜೊತೆಗೆ ಬಂದವರ ಆ ದಿನದ ಸಂಬಳ? ಬೀಡಿ ಕಟ್ಟುವ ಹೆಂಡತಿ ಗಂಡನ ಜೊತೆ ಆಸ್ಪತ್ರೆಯಲ್ಲಿ ಕೂತರೆ ಆ ದಿನ ಬೀಡಿ ಇಲ್ಲ, ದುಡ್ಡೂ ಇಲ್ಲ. ಈ ಲೆಕ್ಕವನ್ನು ಸಂಘಟಕರು ಒಂದು ಬೋರ್ಡಿನಲ್ಲಿ ಬರೆದಿಟ್ಟಿದ್ದರು. ಯಾವ ರೋಗಿಯನ್ನೂ ಸ್ಟೇಜಿಗೆ ಕರೆಸಿ ಅಳಿಸಲಿಲ್ಲ. ಅದಕ್ಕೆ ಅವರಿಗೊಂದು ದೊಡ್ಡ ನಮಸ್ಕಾರ.

ಹಾಳು ಮಾಡಿದ್ದು ಸಭಾ ಕಾರ್ಯಕ್ರಮ. ಒಂಬತ್ತು ಗಂಟೆಗೆ ಆಟ ನಿಲ್ಲಿಸಿ ದೀಪ ಹಚ್ಚಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಅಧ್ಯಕ್ಷರು 'ಎರಡೇ ಮಾತು' ಅಂತ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಆ ಶಾಲಿನ ದುಡ್ಡಿನಲ್ಲಿ ಎಷ್ಟು ಬಸ್ ಟಿಕೆಟ್ ಬರುತ್ತಿತ್ತೋ.

ಮುಂದಿನ ಸಲ ಪತ್ತನಾಜೆ, ಅಂದರೆ ಮೇ ಕೊನೆಗೆ ಯಕ್ಷಗಾನದ ತಿರುಗಾಟ ಮುಗಿಯುವ ದಿನ, ಕಳೆದ ಮೇಲೆ ಮಾಡಿ. ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಹೊರಗೆ ಮಳೆ, ರಾತ್ರಿ ಆಟ ನೋಡಿ ಅಭ್ಯಾಸವಾದವರು ಬೇಜಾರಿನಲ್ಲಿ ಮನೆಯಲ್ಲಿರುತ್ತಾರೆ. ಯಾರಾದರೂ ಅರ್ಥಧಾರಿಗಳನ್ನೂ ಕರೆಯಿರಿ, ಆ ಕಂಡಕ್ಟರನ ಎದುರು ನಿಲ್ಲಿಸಿ ನೋಡೋಣ. ಎಷ್ಟು ಬಂತು, ಎಷ್ಟು ಹೋಯಿತು ಅಂತ ವಾರದೊಳಗೆ ಲೆಕ್ಕ ಹೊರಗೆ ಹಾಕಿ. ಮತ್ತೆ ಆ ದರಪಟ್ಟಿಗೆ ಇನ್ನೊಂದು ಸಾಲು ಸೇರಿಸಿ, ಅಧ್ಯಕ್ಷರ ಭಾಷಣ ನಿಲ್ಲಿಸಲು 1,000 ರೂಪಾಯಿ. ಮೊದಲ ನೋಟು ನಂದೇ.