ಒಂದು ‘ಫಾರ್’ ಮಾಡಿದ ಕಿತಾಪತಿ

ಇಂಗ್ಲಿಷಿನಲ್ಲಿ ಪೊಲೀಸರು ಒಬ್ಬನನ್ನು ‘ಸರ್ಚ್’ ಮಾಡಿದರು ಎಂದರೆ ಆಸಾಮಿ ಎದುರಿಗೇ ಕೈಯೆತ್ತಿಕೊಂಡು ನಿಂತಿದ್ದಾನೆ, ಜೇಬು ತಡಕುತ್ತಿದ್ದಾರೆ ಎಂದರ್ಥ. ‘ಸರ್ಚ್ ಫಾರ್’ ಎಂದರೋ, ಅವನಾಗಲೇ ಪರಾರಿ! ಕೈಗೆ ಸಿಕ್ಕಿದ್ದವನನ್ನು ಚೋಟುದ್ದದ ‘ಫಾರ್’ ಬಿಡಿಸಿ ಕಳಿಸಿಬಿಟ್ಟಿತು. ಯಾವ ಲಾಯರಿಗೂ ಇಷ್ಟು ಬೇಗ ಆಗದ ಕೆಲಸ.

ಬೇಟೆಗಾರನದೂ ಇದೇ ಕಥೆ. ಹುಲಿಯನ್ನು ‘ಶೂಟ್’ ಮಾಡಿದನೆಂದರೆ ಗುಂಡು ತಗುಲಿದೆ. ‘ಶೂಟ್ ಅಟ್’ ಎಂದರೆ ಗುಂಡು ಹಾರಿದ್ದಷ್ಟೇ ನಿಜ, ತಗುಲಿತೋ ಇಲ್ಲವೋ ಹುಲಿಯನ್ನೇ ಕೇಳಬೇಕು. ‘ಫಾರ್’, ‘ಅಟ್’ನಂಥ ಪ್ರಿಪೊಸಿಷನ್ ಅಡ್ಡ ಬರದಿದ್ದರೆ ಕ್ರಿಯೆ ನೆಟ್ಟಗೆ ಹೋಗಿ ಕರ್ಮಕ್ಕೆ ನಾಟುತ್ತದೆ, ಬಂತೋ, ಖಾತ್ರಿಯಿಲ್ಲ. ಹಾಗಂತ ಇದನ್ನೇ ಸೂತ್ರ ಮಾಡಿಕೊಂಡು ಹೊರಟರೆ ಮದುವೆಮನೆಯಲ್ಲಿ ಎಡವುತ್ತೀರಿ. ಮದುವೆಯನ್ನು ಬರೀ ‘ಅಟೆಂಡ್’ ಮಾಡುವವರು ಅಕ್ಷತೆ ಹಾಕಿ, ಹೋಳಿಗೆ ಉಂಡು, ತಾಂಬೂಲದ ಚೀಲ ಹಿಡಿದು ಬಸ್ಸು ಹತ್ತುತ್ತಾರೆ. ‘ಅಟೆಂಡ್ ಟು’ ಮಾಡುವವನು ಹೆಣ್ಣಿನ ತಂದೆ. ಭಟ್ಟರಿಗೆ ಇನ್ನೊಂದು ಸಿಲಿಂಡರ್ ತರಿಸಿ, ಬೀಗರಿಗೆ ಬಿಸಿನೀರು ಬಂತೇ ಎಂದು ವಿಚಾರಿಸಿ, ಅವನು ಎಲೆಯ ಮುಂದೆ ಕೂರುವ ಹೊತ್ತಿಗೆ ಸಾರು ಉಳಿದಿದ್ದರೆ ಪುಣ್ಯ.

ನಮ್ಮ ‘ಡಿಸ್ಕಸ್ ಅಬೌಟ್’ ಮೇಲೆ ಮೇಷ್ಟ್ರುಗಳು ಕೆಂಪು ಇಂಕು ಸುರಿದದ್ದೇ ಸುರಿದದ್ದು. ಕನ್ನಡದಲ್ಲಿ ಎಲ್ಲದರ ‘ಬಗ್ಗೆ’ ಚರ್ಚಿಸಿ ರೂಢಿಯಾದ ನಾಲಿಗೆ ‘ಅಬೌಟ್’ ಬಿಡುವುದು ಹೇಗೆ? ‘ಟಾಕ್’ಗೆ ಬೇಕು, ‘ಡಿಸ್ಕಸ್’ಗೆ ಬೇಡವಂತೆ. ಯಾವೂರ ನ್ಯಾಯ! ಆದರೆ ಈ ಗೋಳು ನಮ್ಮೊಬ್ಬರದೇ ಅಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದಗಳ ಬಾಲಕ್ಕೆ ಅಂಟುವ ಇಂಥ ತುಣುಕುಗಳು ಪರದೇಶದವರಿಗೆ ಭಾರೀ ತೊಡಕು ಎಂದು ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ. ಸಂಸ್ಕೃತದಲ್ಲಿ ತುಣುಕು ಬಾಲಕ್ಕಲ್ಲ, ತಲೆಗೆ ಅಂಟುತ್ತದೆ, ಅಷ್ಟೇ ವ್ಯತ್ಯಾಸ. ಉಪಸರ್ಗವೆಂಬ ಈ ತುಣುಕು ಧಾತುವಿನ, ಅಂದರೆ ಕ್ರಿಯಾಪದದ ಬೇರಿನ, ಅರ್ಥವನ್ನು ‘ಬಲಾತ್’, ಅಂದರೆ ಬಲವಂತವಾಗಿ, ಬೇರೆ ಕಡೆಗೆ ಎಳೆದೊಯ್ಯುತ್ತದೆ ಎಂಬ ಹಳೆಯ ಶ್ಲೋಕವೇ ಇದೆ. ಒಂದೇ ಧಾತುವಿನಿಂದ ಆಹಾರವೂ ಸಂಹಾರವೂ ಹುಟ್ಟಿದ ಮೇಲೆ ಇನ್ನೇನು ಹೇಳುವುದು?

ಕನ್ನಡವೇನು ಸಾಚಾ ಅಲ್ಲ. ‘ಹೇಳು’ ಎಂಬುದಕ್ಕೆ ‘ಕೊಡು’ ಸೇರಿದರೆ ಪಾಠ, ‘ಕೊಳ್ಳು’ ಸೇರಿದರೆ ಕಷ್ಟಸುಖ. ಅದೇ ‘ಕೊಳ್ಳು’ ‘ನೋಡು’ವಿಗೆ ಅಂಟಿದಾಗಲಂತೂ ಎದುರಿಗಿರುವವರ ಮುಖ ನೋಡದೆ ಅರ್ಥ ಹೇಳಲಾಗದು. ‘ನಿನ್ನನ್ನ ನೋಡ್ಕೋತೀನಿ’ ಎಂದು ಅಜ್ಜಿ ಅಂದರೆ ಬಿಸಿ ಗಂಜಿ, ಮೈಗೆ ಎಣ್ಣೆ. ಸೈಟಿನ ಬೇಲಿಯಾಚೆ ನಿಂತ ಪಕ್ಕದ ಮನೆಯವನು ಅಂದರೆ ಸರ್ವೆ ನಕ್ಷೆ, ಕೋರ್ಟು, ವಾಯಿದೆ.