ಒಡೆಯರನ್ನು ಒಡೆಯುವ ಸಭೆಗೆ ಲಿಂಕ್ ಇಲ್ಲಿದೆ

ಮಹಾ ತಂತ್ರಜ್ಞಾನ ಕಂಪನಿಗಳ ಏಕಸ್ವಾಮ್ಯವನ್ನು ಸರಕಾರಗಳು ಒಡೆಯಬೇಕೇ ಬೇಡವೇ ಎಂದು ಚರ್ಚಿಸಲು ಶಿರಸಿ ಸೀಮೆಯಲ್ಲಿ ಯಾರಾದರೂ ಸಭೆ ಕರೆದರೆ ಅದು ಹೇಗೆ ನಡೆದೀತೆಂದು ಊಹಿಸುವುದು ಕಷ್ಟವಲ್ಲ. ಕರೆಯೋಲೆ ವಾಟ್ಸಾಪ್ ಗುಂಪಿನಲ್ಲಿ ಬರುತ್ತದೆ, ಬರುವವರ ಹೆಸರುಗಳನ್ನು ಗೂಗಲ್ ಫಾರ್ಮ್ ಬರೆದುಕೊಳ್ಳುತ್ತದೆ, ಸಭಾಭವನದ ದಾರಿಯನ್ನು ಗೂಗಲ್ ಮ್ಯಾಪ್ ತೋರಿಸುತ್ತದೆ, ಏಕಸ್ವಾಮ್ಯಕ್ಕೆ ಧಿಕ್ಕಾರ ಕೂಗಿದ ವಿಡಿಯೊ ಸಂಜೆಯೊಳಗೆ ಯೂಟ್ಯೂಬಿಗೆ ಏರುತ್ತದೆ. ನೆಟ್‌ವರ್ಕ್ ಇಲ್ಲದ ಹಳ್ಳಿಗಳವರು ಮಾತ್ರ ಬರುವುದಿಲ್ಲ. ಈ ಕಂಪನಿಗಳ ಕೈಗೆ ಇನ್ನೂ ಸಿಗದವರು ಅವರೇ ಆದ್ದರಿಂದ ಅವರಿಗೆ ಸಭೆಯ ಅಗತ್ಯವೂ ಇಲ್ಲ.

ಒಡೆಯಬೇಕಾದ ಸರಕಾರದ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಘಟ್ಟದ ಮೇಲಿನ ಪಂಚಾಯ್ತಿಯೊಂದರ ಸೂಚನಾ ಫಲಕದಲ್ಲಿ ಈಗ ಸೂಚನೆಗಳೇ ಇಲ್ಲ. ವಾಟ್ಸಾಪ್ ಗುಂಪಿಗೆ ಸೇರಿರೆಂದು ಅಂಟಿಸಿದ ಕ್ಯೂಆರ್ ಕೋಡಿನ ಒಂದು ಹಾಳೆಯಿದೆ. ಆಷಾಢದ ಥಂಡಿಗೆ ಆ ಹಾಳೆಗೆ ಬೂಷ್ಟು ಹಿಡಿದು, ಕಪ್ಪು ಚುಕ್ಕೆಗಳಲ್ಲಿ ಪಂಚಾಯ್ತಿಯವು ಯಾವುವು, ಬೂಷ್ಟಿನವು ಯಾವುವು ಎಂದು ಫೋನಿಗೂ ತಿಳಿಯದಾಗಿದೆ. ನಲ್ಲಿಗೆ ನೀರು ಬಿಡುವ ಹೊತ್ತು ಪಕ್ಕದ ಕೇರಿಗೆ ಗೊತ್ತಾಗಬೇಕಾದರೆ ಆ ಸುದ್ದಿ ಕ್ಯಾಲಿಫೋರ್ನಿಯದ ಕಂಪನಿಯೊಂದರ ಮೂಲಕ ಹಾದುಬರಬೇಕು. ಏಕಸ್ವಾಮ್ಯವನ್ನು ಒಡೆಯಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಒಡೆಯಲು ಹೊರಟವರೇ ಆ ಕಂಪನಿಯ ಖಾತೆಯಲ್ಲಿ ಲಾಗಿನ್ ಆಗಿ ಕುಳಿತಿದ್ದಾರೆ.

ಕಾನೂನಿನಲ್ಲಿ ಅವಕಾಶವಿಲ್ಲವೆಂದು ದೂರುವಂತೆಯೂ ಇಲ್ಲ. ಪ್ರಬಲ ಸ್ಥಾನದಲ್ಲಿರುವ ಉದ್ಯಮವು ಆ ಸ್ಥಾನವನ್ನು ದುರುಪಯೋಗ ಮಾಡದಂತೆ ಅದನ್ನು ವಿಭಜಿಸಲು 2002ರ ಸ್ಪರ್ಧಾ ಕಾಯ್ದೆಯ 28ನೆಯ ಸೆಕ್ಷನ್ ಸ್ಪರ್ಧಾ ಆಯೋಗಕ್ಕೆ ಅಧಿಕಾರ ಕೊಟ್ಟಿದೆ. ಆ ಸೆಕ್ಷನ್ ಸುಖನಿದ್ರೆಯಲ್ಲಿದೆ. ಎಚ್ಚರವಾಗಿರುವುದು ಪಕ್ಕದಲ್ಲಿರುವ, ದಂಡ ಹಾಕುವ 27ನೆಯದು. 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ಪ್ರಕರಣದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಬಿದ್ದಾಗ ನಾವೆಲ್ಲ ಮೀಸೆ ತಿರುವಿಕೊಂಡೆವು. ಅದೇ ವರ್ಷ ಆ್ಯಪಲ್ ಫೋನುಗಳ ಸಫಾರಿ ಬ್ರೌಸರ್‌ನಲ್ಲಿ ತನ್ನ ಹುಡುಕುಯಂತ್ರವೇ ಮೊದಲು ತೆರೆದುಕೊಳ್ಳಲೆಂದು ಗೂಗಲ್ ಆ್ಯಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತೆಂಬ ಸಂಗತಿ ಅಮೆರಿಕದ ನ್ಯಾಯಾಲಯದ ಕಾಗದಪತ್ರಗಳಿಂದ ಆಮೇಲೆ ಹೊರಬಿತ್ತು. ಲೆಕ್ಕ ಹಾಕಿದರೆ, ನಮ್ಮ ಐತಿಹಾಸಿಕ ದಂಡವು ಆ ಒಂದು ಬಾಬತ್ತಿನ ಸುಮಾರು ಮೂರು ದಿನಗಳ ಖರ್ಚು.

ಶಿರಸಿಯಲ್ಲಿ ಚಾಲಿ ಅಡಕೆಯ ಟೆಂಡರ್ ನಡೆಯುವಾಗ ಅಂಗಳ, ತಕ್ಕಡಿ, ದಲಾಲಿ, ಖರೀದಿ ಎಲ್ಲವೂ ಒಬ್ಬನದೇ ಆಗಿ, ಟೆಂಡರ್ ಚೀಟಿ ಬರೆಯುವವನೂ ಅದನ್ನು ಬಿಡಿಸಿ ಓದುವವನೂ ಅವನೇ ಆದರೆ, ಬೆಳೆಗಾರರು ಅಂದೇ ಐದು ರಸ್ತೆ ವೃತ್ತದಲ್ಲಿ ಧರಣಿ ಕೂರುತ್ತಾರೆ. ಆನ್‌ಲೈನ್ ಜಾಹೀರಾತಿನ ಪೇಟೆಯಲ್ಲಿ ಜಾಹೀರಾತಿಗೆ ಜಾಗ ಮಾರುವವರ ಸಲಕರಣೆ, ಅದನ್ನು ಕೊಳ್ಳುವವರ ಸಲಕರಣೆ, ನಡುವಿನ ಹರಾಜುಕಟ್ಟೆ ಮೂರೂ ಗೂಗಲ್‌ನ ಕೈಯಲ್ಲಿವೆ; ಅವುಗಳ ಪೈಕಿ ಮಾರುವವರ ಸಲಕರಣೆಯಲ್ಲಿಯೂ ಹರಾಜುಕಟ್ಟೆಯಲ್ಲಿಯೂ ಅದರ ಏಕಸ್ವಾಮ್ಯ ಕಾನೂನುಬಾಹಿರವೆಂದು 2025ರ ಏಪ್ರಿಲ್‌ನಲ್ಲಿ ವರ್ಜೀನಿಯದ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು. ಆದರೂ ಯಾರೂ ವೃತ್ತದಲ್ಲಿ ಕೂರಲಿಲ್ಲ. ಜಾಹೀರಾತಿನ ಖರ್ಚು ಸೋಪಿನ ಬೆಲೆಯೊಳಗೆ ಸೇರಿ ಬರುವುದರಿಂದ ಕಿಸೆಗೆ ಬಿದ್ದ ಕತ್ತರಿ ಯಾರಿಗೂ ಕಾಣುವುದಿಲ್ಲ.

ಅಮೆರಿಕದವರಾದರೂ ಒಡೆದರೇ ಎಂದರೆ ಅದೂ ಇಲ್ಲ. ಹುಡುಕುಯಂತ್ರದ ಏಕಸ್ವಾಮ್ಯವನ್ನು ಗೂಗಲ್ ಅಕ್ರಮವಾಗಿ ಕಾಪಾಡಿಕೊಂಡಿದೆಯೆಂದು 2024ರ ಆಗಸ್ಟ್‌ನಲ್ಲಿ ಹೇಳಿದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರೇ, ಮರುವರ್ಷ ಸೆಪ್ಟೆಂಬರ್‌ನಲ್ಲಿ, ಗೂಗಲ್ ತನ್ನ ಕ್ರೋಮ್ ಬ್ರೌಸರನ್ನು ಮಾರಬೇಕಾಗಿಲ್ಲ, ಆ್ಯಪಲ್‌ನಂಥವರಿಗೆ ಹಣ ಕೊಡುವುದನ್ನೂ ಬಿಡಬೇಕಾಗಿಲ್ಲ, ಬೇರೆಯವರಿಗೆ ಬಾಗಿಲು ಹಾಕುವ ಕರಾರು ಮಾತ್ರ ಕೂಡದು ಎಂದರು.

ಒಡೆದ ಉದಾಹರಣೆಯೂ ಉಂಟು. 1911ರಲ್ಲಿ ಅಮೆರಿಕದ ಎಣ್ಣೆ ಕಂಪನಿ ಸ್ಟ್ಯಾಂಡರ್ಡ್ ಆಯಿಲನ್ನು 34 ಪಾಲು ಮಾಡಿದಾಗ ಅದನ್ನು ಕಟ್ಟಿದ ರಾಕ್‌ಫೆಲ್ಲರ್ ಬೀದಿಗೆ ಬೀಳಲಿಲ್ಲ. ಪಾಲುಗಳ ಷೇರುಗಳ ಬೆಲೆ ಏರಿ ಮೊದಲಿಗಿಂತ ದೊಡ್ಡ ಸಿರಿವಂತನಾದ. ಆ ಲೆಕ್ಕದಲ್ಲಿ, ದಯವಿಟ್ಟು ನಮ್ಮನ್ನು ಒಡೆಯಿರಿ ಎಂಬ ಅರ್ಜಿ ಕಂಪನಿಗಳಿಂದಲೇ ಇಷ್ಟರಲ್ಲಿ ಬರಬೇಕಿತ್ತು. ಬಂದರೂ ಬಂದೀತೆಂದು ಸರಕಾರ ಈಗಲೇ ಅರ್ಜಿ ನಮೂನೆ ಸಿದ್ಧಪಡಿಸಿ ಜಾಲತಾಣದಲ್ಲಿ ಹಾಕಿಡುವುದು ಒಳ್ಳೆಯದು. ‘ಕ್ರೋಮ್ ಬ್ರೌಸರ್‌ನಲ್ಲಿ ಮಾತ್ರ ತೆರೆಯಿರಿ’ ಎಂಬ ಎಂದಿನ ಸೂಚನೆ ಅದರ ಕೆಳಗೆ ಇದ್ದರೂ, ಈ ಅರ್ಜಿದಾರರಿಗೆ ತೊಂದರೆಯಾಗದು.